ಒಂದು ಕ್ಲಚ್ ಪೆಡಲಿಗೆ ಮೂರು ಸ್ಪ್ರಿಂಗು

ಕ್ಲಚ್ ಗಟ್ಟಿಯಾಗಿದೆ, ಕಾಲು ನೋಯುತ್ತದೆ, ಸ್ವಲ್ಪ ಮೆತ್ತಗೆ ಮಾಡಿಕೊಡಿ ಎಂದು ಬರುವವರನ್ನು ನಾನು ದಿನವೂ ನೋಡುತ್ತೇನೆ. ಲಾರಿಯವರು, ಟ್ರ್ಯಾಕ್ಟರಿನವರು, ಶಾಲೆಯ ವ್ಯಾನಿನವರು, ಎಲ್ಲರದೂ ಅದೇ ದೂರು. ಕ್ಲಚ್ ತೀರಾ ಮೆತ್ತಗಿದೆ ಎಂದು ನನ್ನ ಮೇಲೆ ರೇಗಿಕೊಂಡು ಬಂದವರು ಒಬ್ಬರೇ. ಚಿಕ್ಕಜಾಜೂರಿನಲ್ಲಿ ಮನೆ ಮಾಡಿಕೊಂಡಿದ್ದ, ರೈಲ್ವೆಯಿಂದ ನಿವೃತ್ತರಾದ ಲೋಕೋ ಪೈಲಟ್ ಅವರು. ಆ ಮನುಷ್ಯ ನನ್ನಿಂದ ಒಂದು ತಿಂಗಳು ಮಾಡಿಸಿದ ಕೆಲಸ ನೆನಪಾದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅವರ ಕಾರು ನಮ್ಮ ಚಿತ್ರದುರ್ಗದ ರಸ್ತೆಗಳಿಗೆ ಹುಟ್ಟಿದ್ದಲ್ಲ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬೆಂಗಳೂರಿನಲ್ಲಿ ಯಾರೋ ಆಸೆಪಟ್ಟು ಹೊರದೇಶದಿಂದ ತರಿಸಿಕೊಂಡು, ಹತ್ತು ವರ್ಷ ಓಡಿಸಿ ಮಾರಿದ ಸ್ಪೋರ್ಟ್ಸ್ ಕಾರು. ಹೊಳಲ್ಕೆರೆ ರಸ್ತೆಯ ನನ್ನ ಗ್ಯಾರೇಜಿನ ಮುಂದೆ ಅದು ಮೂರು ಸಲ ಮುಗ್ಗರಿಸಿ ನಿಂತಾಗ, ಪಕ್ಕದ ಟೀ ಅಂಗಡಿಯವರೆಲ್ಲ ಎದ್ದು ಬಂದು ನೋಡಿದರು.

"ಮೇಸ್ತ್ರಿ, ಇದರ ಕ್ಲಚ್ಚಲ್ಲಿ ಜೀವನೇ ಇಲ್ಲ," ಎಂದರು ಲೋಕೋ ಪೈಲಟ್ ಇಳಿಯುತ್ತಲೇ. "ಎಲ್ಲಿ ಹಿಡೀತೈತೆ, ಎಲ್ಲಿ ಬಿಡ್ತೈತೆ ಒಂದೂ ಗೊತ್ತಾಗಲ್ಲ. ಕಾಲು ಎತ್ತಿದ್ರೆ ನೆಗೀತೈತೆ, ಇಲ್ಲಾಂದ್ರೆ ಆಫ್ ಆಗ್ತೈತೆ."

"ಹೊಸ ಗಾಡಿ ಅಲ್ವಾ ಸಾರ್ ನಿಮಗೆ, ಕಾಲಿಗೆ ರೂಢಿ ಆಗ್ಬೇಕು."

"ನಾಕು ತಿಂಗಳಾತು ಕಣ್ರಿ. ಇನ್ಯಾವಾಗ ರೂಢಿ ಆಗೋದು?" ಟೀ ಅಂಗಡಿಯ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮ ಮನೆಯವರು ಇದರಲ್ಲಿ ಕುಂತ್ಕಳಾಕೇ ಒಲ್ಲೆ ಅಂತಾರೆ. ತಪ್ಪು ಗಾಡೀದಲ್ಲ, ನಿಮ್ದು, ಮಾರಿಬಿಡ್ರಿ ಅಂತ ಹಟ ಹಿಡಿದಾರೆ. ನೀವು ಗಾಡಿ ಸರಿ ಮಾಡಿ ಕೊಟ್ರೆ ಅವರಿಗೆ ತೋರಿಸ್ತೀನಿ. ಜೀವಮಾನ ಎಲ್ಲ ರೈಲು ಓಡಿಸಿದೋನಿಗೆ ಇದೊಂದು ಓಡ್ಸಾಕೆ ಬರಲ್ಲ ಅಂದ್ರೆ ಹೆಂಗೆ?"

ಅಷ್ಟಕ್ಕೇ ವಿಷಯ ಸ್ಪಷ್ಟವಾಗಿತ್ತು. ದೋಷ ಪೆಡಲಿನಲ್ಲಿ ಸಿಕ್ಕರೆ ಕಾರು ಉಳಿಯುತ್ತದೆ, ಸಿಗದಿದ್ದರೆ ಇವರ ಓಡಾಟ ಅಲ್ಲಿಗೆ ಮುಗಿಯಿತು. ನನಗೆ ಅವರ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಆದರೆ ಅವತ್ತು ನಾನು ನೋಡಿದ್ದು ಅವರ ಚಪ್ಪಲಿ. ನಮ್ಮ ಕಡೆ ಗಾಡಿಯ ಒಳಗೆ ಚಪ್ಪಲಿ ಕಾಲು ಇಡುವುದಿಲ್ಲ. ಲಾರಿ ಡ್ರೈವರು ಮೆಟ್ಟಿಲ ಹತ್ತಿರವೇ ಚಪ್ಪಲಿ ಬಿಟ್ಟು ಹತ್ತುತ್ತಾನೆ. ನನಗೆ ಕೆಲಸ ಕಲಿಸಿದ ಉಸ್ತಾದರು, ಗಿರಾಕಿಯ ಗಾಡಿಯೊಳಗೆ ಚಪ್ಪಲಿ ಹಾಕಿಕೊಂಡು ಕುಳಿತಿದ್ದಕ್ಕೆ ನನ್ನ ಬೆನ್ನಿಗೆ ಫ್ಯಾನ್ ಬೆಲ್ಟಿನಲ್ಲಿ ಬಾರಿಸಿದ್ದರು. ಇವರೋ ದಪ್ಪ ಕರಿ ಚಪ್ಪಲಿ, ಹಿಂದೆ ಪಟ್ಟಿ ಬೇರೆ, ಬಿಗಿದುಕೊಂಡೇ ಪೆಡಲ್ ತುಳಿಯುತ್ತಿದ್ದರು. ದುಬಾರಿ ಕಾರು ಬಂದ ಕೂಡಲೇ ಮನುಷ್ಯರಿಗೆ ಕೊಬ್ಬು ಬರುತ್ತದೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮೊದಲ ಸಲ ನಾನು ಎಲ್ಲರಿಗೂ ಮಾಡುವುದನ್ನೇ ಮಾಡಿದೆ. ಕ್ಲಚ್ಚಿನ ಎಣ್ಣೆ ಬದಲಿಸಿ, ಪೈಪಿನಲ್ಲಿದ್ದ ಗಾಳಿ ತೆಗೆದು, ಪೆಡಲ್ ತಿರುಗುವ ಪಿನ್ನಿಗೆ ಗ್ರೀಸ್ ಹಚ್ಚಿ, ಬುಷ್ ಹೊಸದು ಹಾಕಿದೆ. ಬರಿಗಾಲಿನಲ್ಲಿ ಕುಳಿತು ತುಳಿದು ನೋಡಿದರೆ ಬೆಣ್ಣೆಯ ಹಾಗಿತ್ತು. ಹೊಳಲ್ಕೆರೆವರೆಗೆ ಹೋಗಿಬರುತ್ತೇನೆಂದು ಹೊರಟವರು ಒಂದೇ ತಾಸಿಗೆ ಫೋನ್ ಮಾಡಿದರು. ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಎದುರು ಕಾರು ಆಫ್ ಆಗಿ, ಹಿಂದೆ ಬಸ್ಸು ನಿಂತು, ಕಂಡಕ್ಟರ್ ಇಳಿದು ಬಂದು ಬೈದಿದ್ದನಂತೆ.

"ನೀವು ಇನ್ನಾ ಮೆತ್ತಗೆ ಮಾಡಿ ಕೊಟ್ಟೀರಿ! ನಾನು ಕೇಳಿದ್ದು ಅದಾ?" ಎಂದು ಕಿರುಚಿದರು.

ನಾನೂ ಕಿರುಚಿದೆ. ಕ್ಲಚ್ ಮೆತ್ತಗಾಯಿತು ಎಂದು ಬೈಸಿಕೊಂಡದ್ದು ಅದೇ ಮೊದಲು. ಫೋನ್ ಇಟ್ಟಮೇಲೂ ಸಿಟ್ಟು ಇಳಿಯದೆ ಕೈಯಲ್ಲಿದ್ದ ಸ್ಪ್ಯಾನರನ್ನು ಟೂಲ್ ಬಾಕ್ಸಿಗೆ ಎಸೆದೆ. ಆದರೆ ಕೆಲಸದಲ್ಲಿ ಸೋತೆ ಎಂದರೆ ನನಗೆ ಊಟ ಸೇರುವುದಿಲ್ಲ. ಮಾರನೆಯ ದಿನ ಕಾರು ತರಿಸಿಕೊಂಡು ಪೆಡಲಿನ ಹಣೆಬರಹವನ್ನು ಸರಿಯಾಗಿ ಓದಲು ಕುಳಿತೆ.

ಕುಳಿತೆ ಎಂದರೆ ಮಲಗಿದೆ. ತಲೆ ಪೆಡಲಿನ ಕೆಳಗೆ, ಕಾಲು ಸೀಟಿನ ಮೇಲೆ. ಮನೆಯಿಂದ ತಂದಿದ್ದ, ನಿಂತು ತೂಕ ನೋಡುವ ಚಪ್ಪಟೆ ಮಷಿನ್ನನ್ನು ಒಂದು ಮರದ ತುಂಡು ಅಡ್ಡ ಇಟ್ಟು ಪೆಡಲಿಗೆ ಒತ್ತಿದೆ. ಪೆಡಲ್ ಎಷ್ಟು ದೂರ ಹೋಯಿತೆಂದು ತಿಳಿಯಲು ಬೆರಳಗಲಕ್ಕೊಂದು ಗೆರೆ ಕೊರೆದ ಕಡ್ಡಿ. ಪ್ರತಿ ಗೆರೆಗೂ ಮುಳ್ಳು ಎಷ್ಟು ಕೆಜಿ ತೋರಿಸುತ್ತದೆಂದು ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡೆ. ಮೊದಲ ಎರಡು ಬೆರಳು ಎಂಟು ಕೆಜಿ. ನಡುವಿಗೆ ಬರುವಾಗ ಹನ್ನೊಂದು. ಅಲ್ಲಿಂದ ಮುಳ್ಳು ದಿಢೀರನೆ ಐದಕ್ಕೆ ಬಿತ್ತು, ನೆಲ ಮುಟ್ಟುವವರೆಗೂ ಐದು, ಆರು.

ಕಳ್ಳ ಪೆಡಲ್ ಪಕ್ಕದಲ್ಲೇ ಇದ್ದ. ಬ್ರ್ಯಾಕೆಟ್ಟಿಗೂ ಪೆಡಲಿನ ತೋಳಿಗೂ ನಡುವೆ ಹೆಬ್ಬೆರಳು ದಪ್ಪದ ಒಂದು ಸ್ಪ್ರಿಂಗ್. ಪೆಡಲ್ ಮೇಲಿದ್ದಾಗ ಅದು ಮೇಲಕ್ಕೆ ತಳ್ಳುತ್ತದೆ. ಅರ್ಧ ದಾರಿ ದಾಟಿದರೆ ಅದರ ದಿಕ್ಕು ತಿರುಗಿ, ನಮ್ಮ ಕಾಲಿನ ಜೊತೆ ಸೇರಿಕೊಂಡು ಪೆಡಲನ್ನು ಕೆಳಕ್ಕೆ ತಳ್ಳುತ್ತದೆ. ಪೇಟೆಯ ಟ್ರಾಫಿಕ್ಕಿನಲ್ಲಿ ಕಾಲು ಸೋಲದಿರಲೆಂದು ಕಂಪನಿಯವರು ಮಾಡಿದ ಉಪಕಾರ. ಆದರೆ ಕ್ಲಚ್ ಪ್ಲೇಟು ಹಿಡಿಯಲು ಶುರುವಾಗುವುದೂ ಅದೇ ಜಾಗದಲ್ಲಿ. ಪ್ಲೇಟು ಏನು ಹೇಳುತ್ತದೆಂದು ಕಾಲಿಗೆ ಕೇಳಿಸಬೇಕಾದ ಹೊತ್ತಿಗೆ ಈ ಸ್ಪ್ರಿಂಗ್ ನಡುವೆ ಬಾಯಿ ಹಾಕುತ್ತಿತ್ತು. ಲೋಕೋ ಪೈಲಟ್ ಹೇಳಿದ್ದು ಸುಳ್ಳಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು.

ಉಪಾಯ ಸುಲಭವಿತ್ತು. ಅದೇ ಉದ್ದದ, ಇನ್ನೂ ತೆಳು ತಂತಿಯ ಸ್ಪ್ರಿಂಗ್ ಹಾಕಬೇಕು. ನಾಲ್ಕು ಮಿಲಿಮೀಟರ್ ತಂತಿಯ ಬದಲು ಮೂರೂಕಾಲು ಹಾಕಿದರೆ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಸುತ್ತಿಸಬೇಕು. ಸ್ಪ್ರಿಂಗ್ ಸುತ್ತುವವರು ಇರುವುದು ಹಿರಿಯೂರಿನಲ್ಲಿ, ಹೆದ್ದಾರಿ ಪಕ್ಕ ಲೇತ್ ಇಟ್ಟುಕೊಂಡಿರುವ ಸಾಬರು. ನಮ್ಮಿಬ್ಬರದು ಬಹಳ ವರ್ಷಗಳ ಪರಿಚಯ. ಹಳೆಯ ಸ್ಪ್ರಿಂಗ್ ಕೊಟ್ಟು, ಇದೇ ಅಳತೆಗೆ ತೆಳು ತಂತಿಯಲ್ಲಿ ಮಾಡಿ ಇಡಿ, ಅರ್ಜೆಂಟು ಎಂದು ಹೇಳಿ ಬಸ್ ಹತ್ತಿ ಬಂದೆ. ಸಂಜೆಗೆ ಯಾರದೋ ಕೈಯಲ್ಲಿ ಕಳಿಸಿದರು. ಹಾಕಿದೆ. ಚೆನ್ನಾಗಿತ್ತು.

ಆರನೆಯ ದಿನ ಲೋಕೋ ಪೈಲಟ್ ಮತ್ತೆ ಬಂದರು. ಈ ಸಲ ಪೆಡಲ್ ಪೂರ್ತಿ ಮೇಲಕ್ಕೇ ಬರುತ್ತಿರಲಿಲ್ಲ, ಎರಡು ಬೆರಳು ಕೆಳಗೆ ಜೋತು ಬಿದ್ದು ಲೊಟಲೊಟ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಸ್ಪ್ರಿಂಗ್ ಕುಗ್ಗಿ ಅರ್ಧ ಇಂಚು ಗಿಡ್ಡವಾಗಿದೆ. ಎರಡೂ ತುದಿಯಲ್ಲಿ ನೀಲಿ ಬಣ್ಣ. ನೋಡಿದ ಕೂಡಲೇ ನನಗೆ ಅರ್ಥವಾಯಿತು. ತುದಿ ಮಡಿಸಲು ಗ್ಯಾಸ್ ಬೆಂಕಿ ಹಿಡಿದಿದ್ದಾರೆ, ತಂತಿಯ ಹದ ಸತ್ತಿದೆ. ಅದನ್ನು ಜೇಬಿಗೆ ಹಾಕಿಕೊಂಡು ಹಿರಿಯೂರಿಗೆ ಹೋಗುವ ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ.

"ಸಾಬ್ರೆ, ಇದು ಸ್ಪ್ರಿಂಗಾ, ಚಕ್ಲಿನಾ? ತಂತಿಗೆ ಬೆಂಕಿ ಹಿಡಿಬಾರ್ದು ಅಂತ ನಿಮಗೆ ನಾನು ಹೇಳಿ ಕೊಡ್ಬೇಕಾ?"

"ಅರ್ಜೆಂಟ್ ಅಂದೋರು ಯಾರು? ನೀವೇ ಅಲ್ವಾ?" ಸಾಬರು ಲೇತ್ ನಿಲ್ಲಿಸಲೂ ಇಲ್ಲ. "ಅರ್ಜೆಂಟ್ ಅಂದ್ರೆ ಬೆಂಕಿ ಕೆಲಸ. ಸರಿ ಕೆಲಸ ಬೇಕಾ, ಹಂಗಾರೆ ಪಕ್ಕದಲ್ಲಿ ಕುಂತ್ಕಳ್ರಿ, ಬಾಯಿ ಮುಚ್ಕಂಡು."

ಕುಳಿತೆ. ಬಾಯಿ ಮುಚ್ಚಿಕೊಂಡಿರುವುದು ಆಗಲಿಲ್ಲ. ಸುತ್ತಿದ ತಂತಿ ಬಿಟ್ಟ ಕೂಡಲೇ ಸಡಿಲವಾಗಿ ಅಗಲವಾಗುತ್ತದಾದ್ದರಿಂದ, ಬೇಕಾದದ್ದಕ್ಕಿಂತ ಸಣ್ಣ ಸರಳಿನ ಮೇಲೆ ಸುತ್ತಬೇಕು. ಮೊದಲೆರಡು ಅಳತೆಗೆ ಬರಲಿಲ್ಲ. ಮೂರನೆಯದು ಬಂತು. ತುದಿಗಳನ್ನು ತಣ್ಣಗೇ ಬಗ್ಗಿಸಿ, ಕಲ್ಲಿಗೆ ಹಿಡಿದು ನಿಧಾನ ಸಪಾಟು ಮಾಡಿದರು. ಆಮೇಲೆ ಸ್ಪ್ರಿಂಗನ್ನು ಅರ್ಧ ತಾಸು ಒಂದೇ ಸಮನಾದ ಶಾಖದಲ್ಲಿ ಇಡಬೇಕು, ಇಲ್ಲವಾದರೆ ಮತ್ತೆ ಕುಗ್ಗುತ್ತದೆ. ಅದಕ್ಕೆ ಸಾಬರು ಕಂಡುಕೊಂಡಿದ್ದ ಜಾಗ ಪಕ್ಕದ ಬೇಕರಿ. ಬನ್ನಿನ ತಟ್ಟೆಗಳು ಹೊರಗೆ ಬಂದಮೇಲೆ ನಮ್ಮ ಸ್ಪ್ರಿಂಗ್ ಒಲೆಯೊಳಗೆ ಹೋಯಿತು. ಬೇಕರಿಯವನು ಗೊಣಗಿದ. ನಾವು ಅವನ ಬನ್ನು ತಿನ್ನುತ್ತ ಹೊರಗೆ ನಿಂತಿದ್ದೆವು.

ಆ ಸ್ಪ್ರಿಂಗ್ ಹಾಕಿ ತೂಕದ ಮಷಿನ್ ಹಿಡಿದರೆ ಎಂಟು, ಹತ್ತು, ಹತ್ತು, ಒಂಬತ್ತು. ನಡುವೆ ಇದ್ದ ಹಳ್ಳ ತುಂಬಿತ್ತು. ಬರಿಗಾಲಿನಲ್ಲಿ ಓಡಿಸಿದರೆ ಪ್ಲೇಟು ಹಿಡಿಯುವ ಕ್ಷಣ ಹೆಬ್ಬೆರಳಿನ ಬುಡಕ್ಕೆ ತಿಳಿಯುತ್ತಿತ್ತು. ಕೋಟೆಯ ರಸ್ತೆಯಲ್ಲಿ ಎರಡು ಸುತ್ತು ಹೊಡೆದೆ. ಇಂಥ ಪೆಡಲ್ ಈ ಜಿಲ್ಲೆಯಲ್ಲೇ ಇಲ್ಲ ಎಂದು ಬೀಗುತ್ತ ಲೋಕೋ ಪೈಲಟ್ ಅವರನ್ನು ಕರೆಸಿದೆ.

ಅವರು ಕುಳಿತರು, ತುಳಿದರು, ಬಿಟ್ಟರು. ಕಾರು ನೆಗೆದು ಆಫ್ ಆಯಿತು. ಮತ್ತೆ ಮಾಡಿದರು. ಮತ್ತೆ ಆಫ್. ಮೂರನೆಯ ಸಲ ನನ್ನ ಕಂಪ್ರೆಸರಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಜೀವ ಇಲ್ಲ ಮೇಸ್ತ್ರಿ," ಎಂದರು, ಕಿಟಕಿಯಿಂದ ಮುಖ ಹೊರಹಾಕಿ.

ನನ್ನ ತಲೆ ಕೆಟ್ಟುಹೋಯಿತು. ಮೂರು ವಾರ, ಹಿರಿಯೂರಿಗೆ ಎರಡು ಸಲ, ಬೇಕರಿಯವನ ಕಾಲು ಹಿಡಿದದ್ದು, ಎಲ್ಲ ಒಟ್ಟಿಗೆ ನೆತ್ತಿಗೇರಿತು. "ಪೆಡಲಿಗೆ ಇನ್ನೆಷ್ಟು ಜೀವ ಬೇಕ್ರಿ? ನಿಮ್ಮ ಚಪ್ಪಲೀಲಿ ಐತೆ ರೋಗ! ಅರ್ಧ ಇಂಚು ರಬ್ಬರ್ ಹಾಕ್ಕಂಡು ತುಳಿದ್ರೆ ಯಾವ ನನ್ಮಗನಿಗೆ ಗೊತ್ತಾಗ್ತೈತೆ? ಬಿಚ್ರಿ ಅದನ್ನ, ಬರಿಗಾಲಲ್ಲಿ ಓಡಿಸಿ ಆಮೇಲೆ ಹೇಳ್ರಿ!"

"ಬಿಚ್ಚಲ್ಲ."

"ಬಿಚ್ಚಲ್ಲ ಅಂದ್ರೆ? ಹಂಗಾರೆ ಕೊಡ್ರಿ ಇಲ್ಲಿ, ನಾನು ಹಾಕ್ಕಂಡು ತೋರಿಸ್ತೀನಿ."

ಬಾಗಿ ನಾನೇ ಅವರ ಎಡಗಾಲಿನ ಪಟ್ಟಿ ಎಳೆದೆ. ಅವರು ತಡೆಯಲಿಲ್ಲ. ಚಪ್ಪಲಿ ಕೈಗೆ ಬಂದಾಗಲೇ ಗೊತ್ತಾಯಿತು. ಹೊರಗೆ ಕರಿ ರಬ್ಬರು, ಒಳಗೆ ಸ್ಪಂಜಿನಂಥ ನೀಲಿ ಮೆತ್ತೆ, ಎಲ್ಲೂ ಒಂದು ಮೊಳೆ ಇಲ್ಲ. ಇಂಥದ್ದೇ ಒಂದು ಜೊತೆ ನಮ್ಮ ಅವ್ವನ ಮಂಚದ ಕೆಳಗೆ ಆರು ವರ್ಷ ಇತ್ತು. ಸಕ್ಕರೆ ಕಾಯಿಲೆಯವರ ಕಾಲಿನ ಸ್ಪರ್ಶ ಹೋದಮೇಲೆ ಆಸ್ಪತ್ರೆಯಲ್ಲಿ ಕೊಡುವ ಚಪ್ಪಲಿ ಅದು. ಮುಳ್ಳು ಚುಚ್ಚಿದರೂ, ಕೆಂಡ ತುಳಿದರೂ ಅವರಿಗೆ ತಿಳಿಯುವುದಿಲ್ಲವಾದ್ದರಿಂದ ಬಿಚ್ಚಿ ನಡೆಯಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿರುತ್ತಾರೆ. ಮೂರು ವಾರದಿಂದ ಇದನ್ನು ನಾನು ಕೊಬ್ಬು ಎಂದು ಬೈಯುತ್ತಿದ್ದೆ.

"ಶುಗರ್ ಐತಾ ಸಾರ್?"

ಅವರು ಸ್ಟಿಯರಿಂಗ್ ನೋಡುತ್ತಲೇ ಹೇಳಿದರು. "ಹನ್ನೆರಡು ವರ್ಷ ಆತು. ಕೊನೆಗೊಂದು ಸಲ ಮೆಡಿಕಲ್ ಚೆಕಪ್ಪಲ್ಲಿ ಸಿಕ್ಕಿಬಿದ್ದೆ. ಇಂಜಿನ್ ಮೇಲಿಂದ ಇಳಿಸಿ ಆಫೀಸಲ್ಲಿ ಕುಂಡ್ರಿಸಿದ್ರು. ಕೊನೇ ಎರಡು ವರ್ಷ ಬರೀ ಕಾಗದ ಕಟ್ಟೋದು. ಅದಕ್ಕೇ ಮೇಸ್ತ್ರಿ, ರಿಟೈರ್ ಆದ್ಮೇಲೆ ಒಂದು ಓಡಿಸಬೇಕು ಅಂತ ಇದನ್ನ ತಗಂಡೆ. ಇದಕ್ಕೆ ಯಾವ ಡಾಕ್ಟ್ರೂ ಸೈನ್ ಹಾಕ್ಬೇಕಿಲ್ಲ ನೋಡ್ರಿ."

"ಮೊದಲೇ ಹೇಳಾಕೆ ಏನಾಗಿತ್ತು ನಿಮಗೆ? ನಾನೇನು ಹುಚ್ಚನಾ, ಹಿರಿಯೂರಿಗೂ ದುರ್ಗಕ್ಕೂ ಅಲೆಯಾಕೆ?"

"ಹೇಳಿದ್ರೆ ನೀವು ಗಾಡಿ ಮುಟ್ತಿದ್ರಾ?"

ಚಪ್ಪಲಿಯನ್ನು ಮತ್ತೆ ಅವರ ಕಾಲಿಗೆ ತೊಡಿಸಿದೆ. "ಎರಡೂ ಕಾಲಾ?" ಎಂದೆ.

"ಎಡಗಾಲು ಮಾತ್ರ. ಬಲಗಾಲು ಗಟ್ಟಿ ಐತೆ."

ಇಲ್ಲಿ ನಾನು ಒಂದು ಮಾತು ಬರೆಯಲೇಬೇಕು. ನಮ್ಮ ಅವ್ವನಿಗೆ ಸ್ಪರ್ಶ ಹೋದದ್ದು ಎರಡೂ ಕಾಲಿಂದು, ಒಟ್ಟಿಗೇ. ಈ ಕಾಯಿಲೆ ಒಂದು ಕಾಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು ಅಪರೂಪ ಎಂದು ಡಾಕ್ಟರು ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಸಲ ಕೇಳಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ನನ್ನ ತಲೆಯೊಳಗೆ ಹೊಸ ಸ್ಪ್ರಿಂಗೊಂದು ತಿರುಗಲು ಶುರುವಾಗಿತ್ತು.

ಅಂಗಾಲಿಗೆ ತಿಳಿಯದಿದ್ದರೇನು, ಮಂಡಿಗೆ, ತೊಡೆಗೆ ತಿಳಿಯುತ್ತದಲ್ಲ. ಅಲ್ಲಿ ಇನ್ನೂ ಅರಿವಿದೆ, ಅಲ್ಲಿಗೆ ಸುದ್ದಿ ಮುಟ್ಟಿಸಬೇಕು. ಇಷ್ಟು ದಿನ ನಾನು ಸ್ಪ್ರಿಂಗಿನ ಬಲ ಕಡಿಮೆ ಮಾಡುವುದರಲ್ಲೇ ಇದ್ದೆ. ಅದನ್ನು ಬಿಟ್ಟು ಇನ್ನೊಂದು ಸ್ಪ್ರಿಂಗ್ ಸೇರಿಸಲು ತೀರ್ಮಾನ ಮಾಡಿದೆ. ಸಹಾಯ ಮಾಡುವ ಸ್ಪ್ರಿಂಗ್ ಹೇಗಿದೆಯೋ ಹಾಗೇ ಇರಲಿ. ಪೆಡಲಿನ ತೋಳಿನ ಎದುರಿಗೆ ಒಂದು ಬೋಲ್ಟು ನಿಲ್ಲಿಸಿ ಅದರ ಮೇಲೆ ಗಿಡ್ಡ, ಗಟ್ಟಿ ಸ್ಪ್ರಿಂಗ್ ಕೂರಿಸಬೇಕು. ಪೆಡಲ್ ಕೊನೆಯ ಮೂರು ಬೆರಳು ಇಳಿಯುವಾಗ ಮಾತ್ರ ತೋಳು ಅದಕ್ಕೆ ತಾಗಬೇಕು. ಕಾಲು ಮೇಲೆತ್ತುವಾಗ ಆ ಸ್ಪ್ರಿಂಗ್ ತೊಡೆಯನ್ನು ಒತ್ತುತ್ತ ಬಂದು, ಪ್ಲೇಟು ಹಿಡಿಯಲು ಶುರುವಾಗುವ ಜಾಗದಲ್ಲಿ ತಟ್ಟನೆ ಕೈಬಿಡುತ್ತದೆ. ಐದು ಕೆಜಿ ಒಮ್ಮೆಲೇ ಇಳಿದರೆ ಎಂಥ ತೊಡೆಗೂ ಗೊತ್ತಾಗಬೇಕು.

ಅಂಥ ಸ್ಪ್ರಿಂಗನ್ನು ಸುತ್ತಬೇಕಾಗಲಿಲ್ಲ. ಧರ್ಮಪುರದಿಂದ ಸಾಬರ ಹತ್ತಿರ ರಿಪೇರಿಗೆ ಬಂದಿದ್ದ ಶೇಂಗಾ ಸುಲಿಯುವ ಮಷಿನ್ನಿನ ಜರಡಿಯ ಕೆಳಗೆ ನಾಲ್ಕು ಸ್ಪ್ರಿಂಗ್ ಇದ್ದವು, ಅದೇ ಅಳತೆಯ ಹೊಸದೊಂದು ಅವರ ಡಬ್ಬದಲ್ಲಿತ್ತು. ತೂಕದ ಮಷಿನ್ ಮೇಲಿಟ್ಟು ಒತ್ತಿ ನೋಡಿದೆ, ಬೇಕಾದಷ್ಟೇ ಇತ್ತು. ನಾಲ್ಕು ಮಿಲಿಮೀಟರ್ ತಗಡಿನಲ್ಲಿ ಬ್ರ್ಯಾಕೆಟ್ ಮಾಡಿ, ಪೆಡಲ್ ಕೂರುವ ಜಾಗದ ಹಳೆಯ ಎರಡು ಬೋಲ್ಟಿಗೇ ಬಿಗಿದೆ. ಕಾರಿಗೆ ಹೊಸದಾಗಿ ಒಂದು ತೂತೂ ಹೊಡೆಯಲಿಲ್ಲ.

ಅದನ್ನು ಹೊಂದಿಸಲು ಅರ್ಧ ದಿನ ಹಿಡಿಯಿತು. ಲೋಕೋ ಪೈಲಟ್ ಕಣ್ಣು ಮುಚ್ಚಿಕೊಂಡು ಕುಳಿತು ಪೆಡಲ್ ಬಿಡುತ್ತಿದ್ದರು, ಸುದ್ದಿ ಮುಟ್ಟಿದ ಕೂಡಲೇ "ಈಗ" ಅನ್ನಬೇಕು. ನಾನು ಹೊರಗೆ ಮಂಡಿಯೂರಿ ಚಕ್ರ ಯಾವಾಗ ಅಲುಗುತ್ತದೆಂದು ನೋಡುತ್ತಿದ್ದೆ. ಮೊದಲು ಅವರ "ಈಗ" ತಡವಾಗಿ ಬಂತು. ಬೋಲ್ಟನ್ನು ಒಂದು ಸುತ್ತು ಹಿಂದಕ್ಕೆ ತಂದೆ, ಬೇಗ ಬಂತು. ಅರ್ಧ ಸುತ್ತು ಮುಂದಕ್ಕೆ. ಕಾಲು ಸುತ್ತು ಹಿಂದಕ್ಕೆ. ಕೊನೆಗೆ ಅವರ ಬಾಯಿಯ "ಈಗ"ವೂ ಚಕ್ರದ ಅಲುಗಾಟವೂ ಒಟ್ಟಿಗೇ ಬಂದವು. ಅವರು ಕಣ್ಣು ಬಿಟ್ಟರು.

"ಮೇಸ್ತ್ರಿ! ರೈಲಿಂಜಿನ್ನಲ್ಲಿ ಹ್ಯಾಂಡಲ್ ತಿರುಗಿಸಿದ್ರೆ ಟಕ್ ಅಂತ ಒಂದೊಂದೇ ನಾಚ್ ಬೀಳ್ತೈತಲ್ಲ, ಥೇಟ್ ಹಂಗೇ ಐತೆ!"

ಜೋಗಿಮಟ್ಟಿ ಕಡೆಯ ಏರಿನಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ನಾಲ್ಕು ಬೆರಳು ಬಿಟ್ಟು ಖಾಲಿ ಗ್ರೀಸ್ ಡಬ್ಬ ಇಟ್ಟೆ. ಅವರಿಂದ ಹತ್ತು ಸಲ ಹೊರಡಿಸಿದೆ. ಒಂದು ಸಲವೂ ಡಬ್ಬ ನಜ್ಜಾಗಲಿಲ್ಲ, ಒಂದು ಸಲವೂ ಕಾರು ಆಫ್ ಆಗಲಿಲ್ಲ. ಆ ಮನುಷ್ಯ ಮಗುವಿನ ಹಾಗೆ ನಗುತ್ತಿದ್ದರು. ನಾನೂ ನಕ್ಕೆ. ಅಂಥ ಕೆಲಸ ನನ್ನ ಕೈಯಿಂದ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಬರ್ರಿ, ನಮ್ಮ ಮನೆಗೆ ಹೋಗಾಣ. ನಮ್ಮ ಮನೆಯವರಿಗೆ ನೀವೇ ಹೇಳ್ರಿ, ಇಷ್ಟು ದಿನ ಗಾಡೀಲೇ ದೋಷ ಇತ್ತು ಅಂತ," ಎಂದು ಪಟ್ಟು ಹಿಡಿದರು. ಅವರು ಓಡಿಸಿದರು, ನಾನು ಪಕ್ಕದಲ್ಲಿ ಕುಳಿತೆ. ಹೊಳಲ್ಕೆರೆ ಪೇಟೆಯೊಳಗೆ ಎಂಟು ಕಡೆ ನಿಂತು ಹೊರಟೆವು. ಬಸ್ ಸ್ಟ್ಯಾಂಡ್ ಎದುರು ಬೇಕೆಂದೇ ನಿಲ್ಲಿಸಿ, ಮೆಲ್ಲಗೆ ಹೊರಡಿಸಿ ನನ್ನ ಮುಖ ನೋಡಿದರು.

ಹೊಳಲ್ಕೆರೆ ದಾಟಿ ಒಂದು ತಿರುವು. ತಿರುವಿನಾಚೆ ರಸ್ತೆ ತುಂಬ ಕುರಿ. ಅವರಿಗೆ ಕಾಣಿಸಿತು, ಕೂಡಲೇ ಎಡಗಾಲು ಕ್ಲಚ್ಚನ್ನು ನೆಲಕ್ಕೆ ಅದುಮಿತು, ಬಲಗಾಲೂ ಅದುಮಿತು. ಇಂಜಿನ್ ಕಿವಿ ಹರಿಯುವಂತೆ ಅರಚಿತು. ಕಾರು ನಿಧಾನವಾಗಲೇ ಇಲ್ಲ.

"ಹಿಡೀತಿಲ್ಲ! ಬ್ರೇಕ್ ಹಿಡೀತಿಲ್ಲ ಮೇಸ್ತ್ರಿ!"

ನಾನು ಎರಡೂ ಕೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದೆ. ಕಾರು ಅಡ್ಡ ತಿರುಗಿ, ಜಲ್ಲಿಯ ಮೇಲೆ ಜಾರಿ ನಿಂತಿತು. ಒಂದು ಟಗರು ಬಾನೆಟ್ಟಿಗೆ ಮೈ ಒತ್ತಿಕೊಂಡು ನಿಂತಿತ್ತು. ಅದರಾಚೆ ಮರಿಯೊಂದನ್ನು ಹೆಗಲ ಮೇಲೆ ಹೊತ್ತ ಕುರಿಗಾಹಿ. ಅವನಿಗೂ ನಮಗೂ ಒಂದು ಮಾರು ದೂರ. ಇಂಜಿನ್ ಇನ್ನೂ ಅರಚುತ್ತಲೇ ಇತ್ತು. ನಾನೇ ಕೈ ಚಾಚಿ ಕೀ ತಿರುಗಿಸಿದೆ.

"ಏನ್ರಿ, ಕಣ್ಣು ನೆತ್ತಿ ಮೇಲೆ ಅವೇನ್ರಿ ನಿಮಗೆ?" ಕುರಿಗಾಹಿ ಕೋಲಿನಿಂದ ಬಾನೆಟ್ಟಿಗೆ ಬಡಿದ. "ಗಾಡಿ ಐತೆ ಅಂತ ಜನರ ಮೇಲೆ ಹತ್ತಿಸ್ತೀರಾ? ಬ್ರೇಕ್ ತುಳಿಯಾಕೆ ಬರಲ್ವಾ?"

"ತುಳಿದೀನಪ್ಪ, ಈಗ್ಲೂ ತುಳಿದೇ ಐದೀನಿ ನೋಡು," ಎಂದರು ಲೋಕೋ ಪೈಲಟ್.

ನಾನು ಕೆಳಗೆ ನೋಡಿದೆ. ಅವರ ಬಲಗಾಲು ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿಹಿಡಿದಿತ್ತು.

"ಕಾಲು ನೋಡ್ರಿ," ಎಂದೆ.

ಅವರು ನೋಡಿದರು. ಕುರಿಗಾಹಿ ಬೈಯುತ್ತ ಬೈಯುತ್ತ ಹಿಂಡನ್ನು ದಾಟಿಸಿಕೊಂಡು ಹೋದ. ಆಮೇಲೆ ಅವರು ಹೇಳಿದರು, "ಬ್ರೇಕ್ ಪೆಡಲ್ಲಲ್ಲೂ ಜೀವ ಇಲ್ಲ ಮೇಸ್ತ್ರಿ. ಅದಕ್ಕೂ ಹಿಂಗೇ ಒಂದು ಸ್ಪ್ರಿಂಗ್ ಮಾಡಿ ಹಾಕ್ರಿ."

ನಾನು ಆ ದಿನ ಕೂಗಿದ ಹಾಗೆ ಜೀವಮಾನದಲ್ಲಿ ಯಾರ ಮೇಲೂ ಕೂಗಿಲ್ಲ. "ಇಳೀರಿ ಕೆಳಗೆ! ಎಡಗಾಲು ಮಾತ್ರ ಅಂದಿದ್ರಲ್ಲ, ಸುಳ್ಳು ಹೇಳಾಕೆ ನಾಚಿಕೆ ಆಗಲ್ವಾ? ಆ ಕುರಿಯವನ ಜೀವ ಹೋಗಿದ್ರೆ ಯಾರು ತಂದು ಕೊಡ್ತಿದ್ರು?"

ಅವರು ಇಳಿದರು. ಬಾಗಿಲು ಹಿಡಿದು ನಿಂತು, ಕೂಗದೆ ಕೇಳಿದರು. "ಆ ಚಪ್ಪಲಿ ನೋಡಿದ ಕೂಡ್ಲೇ ನಿಮಗೆ ಗೊತ್ತಾತಲ್ಲ ಮೇಸ್ತ್ರಿ. ನಾನು ಒಂದು ಕಾಲಿಗೆ ಹಾಕಿರಲಿಲ್ಲ, ಎರಡಕ್ಕೂ ಹಾಕಿದ್ದೆ. ನೀವು ಯಾಕೆ ಇನ್ನೊಂದು ಸಲ ಕೇಳ್ಲಿಲ್ಲ?"

ಹೌದು, ಒಂದು ತಿಂಗಳು ನಾನು ಎರಡು ಚಪ್ಪಲಿಯನ್ನೂ ನೋಡಿದ್ದೆ. ನನಗೆ ಬೇಕಾಗಿದ್ದದ್ದು ಅವರ ಕಾಲಲ್ಲ, ನನ್ನ ಸ್ಪ್ರಿಂಗ್ ಗೆಲ್ಲುವುದು. ಕಾಲು ಎಲ್ಲಿದೆಯೆಂದೇ ತಿಳಿಯದವರನ್ನು ರಸ್ತೆಗೆ ಇಳಿಸಲು ಅಷ್ಟು ಚಂದದ ಸಾಧನ ಮಾಡಿಕೊಟ್ಟವನು ನಾನೇ. ಚಪ್ಪಲಿ ಬಿಟ್ಟು ಡ್ರೈವರ್ ಸೀಟಿಗೆ ಹತ್ತಿದೆ. ಚಿಕ್ಕಜಾಜೂರಿನವರೆಗೂ ನಾನೇ ಓಡಿಸಿದೆ. ನನ್ನ ಶೇಂಗಾ ಸ್ಪ್ರಿಂಗು ಪ್ರತಿ ಗೇರಿಗೂ ತೊಡೆಗೆ ಒದೆಯುತ್ತಿತ್ತು, ಒಂದೊಂದು ಸಲವೂ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಮನೆ ರೈಲು ಹಳಿಯ ಪಕ್ಕದಲ್ಲೇ. ಸದ್ದು ಕೇಳಿ ಅವರ ಹೆಂಡತಿ ಹೊರಗೆ ಬಂದರು. ನಾನು ಓಡಿಸುತ್ತಿದ್ದದ್ದನ್ನು ನೋಡಿ ಅಲ್ಲೇ ನಿಂತರು.

"ಏನಾತು? ಮತ್ತೆ ಕೆಟ್ಟೋತಾ ಗಾಡಿ?" ಎಂದು ನನ್ನನ್ನೇ ಕೇಳಿದರು.

ಲೋಕೋ ಪೈಲಟ್ ಸೀಟಿನಿಂದ ಏಳದೆ ನನ್ನ ಕಡೆ ನೋಡಿದರು. ಬ್ರೇಕಿನಲ್ಲಿ ಸ್ವಲ್ಪ ಕೆಲಸ ಇದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಂಥ ಮಾತು ಗಿರಾಕಿಗಳಿಗೆ ನೂರು ಸಲ ಹೇಳಿದ್ದೇನೆ, ನಾಲಿಗೆಗೆ ಭಾರವೇನಲ್ಲ. ಕೀಯನ್ನು ಆ ತಾಯಿಯ ಕೈಗೆ ಕೊಟ್ಟೆ.

"ಇಲ್ಲಮ್ಮ. ಗಾಡಿ ಸರಿ ಐತೆ. ಗಾಡೀದು ಏನೂ ತಪ್ಪಿಲ್ಲ."

ಆಕೆ ಸುತ್ತಿಕೊಂಡು ಬಂದು ಗಂಡನ ಕಡೆಯ ಬಾಗಿಲು ತೆಗೆದು, ನೆಲದ ಮೇಲೆ ಕುಳಿತು, ಅವರ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಪಟ್ಟಿ ಬಿಚ್ಚಿ ಚಪ್ಪಲಿ ತೆಗೆದರು. ಅಂಗಾಲಿನ ನಡುವೆ ಹೆಬ್ಬೆರಳಿಟ್ಟು, ಉಗುರು ಬೆಳ್ಳಗಾಗುವಷ್ಟು ಒತ್ತಿದರು.

"ಗೊತ್ತಾಗ್ತೈತೇನ್ರಿ?"

ಅವರು ಹಳಿಯ ಕಡೆ ನೋಡುತ್ತ ಕುಳಿತಿದ್ದರು.

"ಇಲ್ಲ," ಎಂದರು.